ಹಗಲು ಬಿಸಿಲನ್ನೂ ಮುಸ್ಸಂಜೆಯನ್ನೂ ಅಳೆಯುವ ಅಗ್ಗದ ಬೆಳಕುಗಣ್ಣು



ವೈಶಾಖದ ನಡುಮಧ್ಯಾಹ್ನ ಹೊಲದಿಂದ ಬಂದು ಮನೆಯ ಒಳಕೋಣೆಗೆ ಕಾಲಿಟ್ಟಾಗ ಏನಾಗುತ್ತದೆಂಬುದು ತಮಗೆ ಗೊತ್ತೇ ಇದೆ. ಕಣ್ಣಿಗೆ ಕತ್ತಲು ಕವಿಯುತ್ತದೆ. ನೀರಿನ ಕೊಡ ಎಲ್ಲಿದೆ ಎಂದು ಕೈಯಾಡಿಸಿ ಹುಡುಕಬೇಕಾಗುತ್ತದೆ. ಸ್ವಲ್ಪ ಹೊತ್ತು ಕಳೆದರೆ ಅದೇ ಕೋಣೆಯಲ್ಲಿ ಕೊಡವೂ ಕಾಣುತ್ತದೆ, ಗೂಟಕ್ಕೆ ಹಾಕಿದ ಬಾರುಕೋಲೂ ಕಾಣುತ್ತದೆ. ಕೋಣೆಯ ಬೆಳಕು ಹೆಚ್ಚಲಿಲ್ಲ. ನಮ್ಮ ಕಣ್ಣು ತನ್ನ ಅಳತೆಯನ್ನು ಬದಲಿಸಿಕೊಂಡಿತು, ಅಷ್ಟೆ. ಈ ದಿನ ನಾನು ಹೇಳಬೇಕೆಂದಿರುವುದು ಇದೇ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುವ ಒಂದು ಸಲಕರಣೆಯ ವಿಷಯ. ಅದಕ್ಕೆ ಬೆಳಕಿನ ಸೆನ್ಸರ್ ಎನ್ನುತ್ತಾರೆ. ನಾವು ಬೆಳಕುಗಣ್ಣು ಎಂದು ಕರೆಯೋಣ.

"ಬೆಳಕು ಅಳ್ಯಾಕ ನಮಗೇನು ಹುಚ್ಚ ಹಿಡದದೇನ್ರಿ ಸಾಹೇಬ್ರ?" ಎಂದು ಸುರಪುರದ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದ್ದುಂಟು. ಕೇಳತಕ್ಕ ಪ್ರಶ್ನೆಯೇ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳಲ್ಲಿ ಭತ್ತ ನಿಂತಿತು. ಭತ್ತದ ಹಿಂದೆ ಕಾಂಡ ಕೊರೆಯುವ ಹುಳುವೂ ಕಂದು ಜಿಗಿಹುಳುವೂ ಬಂದವು. ಇವು ಹೊಲಕ್ಕೆ ಬಂದಿವೆಯೋ ಇಲ್ಲವೋ, ಎಷ್ಟು ಬಂದಿವೆ ಎಂಬುದನ್ನು ಮುಂಚಿತವಾಗಿ ತಿಳಿಯಲು ದೀಪದ ಬಲೆ ಕಟ್ಟುತ್ತೇವೆ. ದೀಪವು ಹೊತ್ತು ಮುಳುಗಿದಾಗ ಹತ್ತಿ, ರಾತ್ರಿ ಹತ್ತರ ಸುಮಾರಿಗೆ ಆರಬೇಕು. ಬೆಳತನಕ ಉರಿದರೆ ಮಿತ್ರ ಕೀಟಗಳೂ ಸಾಯುತ್ತವೆ, ಬ್ಯಾಟರಿಯೂ ಬರಿದಾಗುತ್ತದೆ. ಹಗಲಲ್ಲಿ ಉರಿದರಂತೂ ರಾತ್ರಿಗೆ ದೀಪವೇ ಇಲ್ಲ. ದೀಪವಿಲ್ಲದಿದ್ದರೆ ಬೆಳಿಗ್ಗೆ ತಟ್ಟೆಯಲ್ಲಿ ಹುಳುವಿಲ್ಲ. ಹುಳುವಿಲ್ಲವೆಂದು ಸುಮ್ಮನೆ ಕುಳಿತರೆ ಬೆಳೆ ಹೋಯಿತು. ಭಯಬಿದ್ದು ಔಷಧಿ ಹೊಡೆದರೆ ದುಡ್ಡು ಹೋಯಿತು. ಹೀಗೆ ಹತ್ತು ರೂಪಾಯಿಯ ಒಂದು ಬಿಲ್ಲೆಯ ತಪ್ಪಿನಿಂದ ಸಾವಿರಾರು ರೂಪಾಯಿಯ ಲೆಕ್ಕ ತಪ್ಪುತ್ತದೆ.

ಮೊದಲು ಬೆಳಕಿನ ಲೆಕ್ಕ ತಿಳಿಯೋಣ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ದಟ್ಟ ಮೋಡ ಕವಿದ ಹಗಲು ಕೆಲವು ಸಾವಿರ ಲಕ್ಸ್. ಸೂರ್ಯ ಮುಳುಗುವ ಗಳಿಗೆಗೆ ಸುಮಾರು 400. ದನ ಕೊಟ್ಟಿಗೆ ಸೇರಿ, ಮುಖ ನೋಡಿ ಗುರುತು ಹಿಡಿಯುವುದು ಕಷ್ಟವಾಗುವ ಮಬ್ಬಿನಲ್ಲಿ ಮೂರು ನಾಲ್ಕು ಲಕ್ಸ್. ತುಂಬು ಹುಣ್ಣಿಮೆಯ ಬೆಳದಿಂಗಳು ಕಾಲು ಲಕ್ಸಿನಷ್ಟು ಮಾತ್ರ. ನಡುಹಗಲಿಗೂ ಬೆಳದಿಂಗಳಿಗೂ ಇರುವ ಅಂತರ ನಾಲ್ಕು ಲಕ್ಷ ಪಟ್ಟು ಎಂದಂತಾಯಿತು.

ಇಷ್ಟು ದೊಡ್ಡ ಹರವನ್ನು ಒಂದೇ ಅಳತೆಯಿಂದ ಹಿಡಿಯುವುದು ಕಷ್ಟ. ಏತಕ್ಕೆಂದರೆ, ಯಾದಗಿರಿಯ ಬಜಾರಿನಲ್ಲಿ ಹತ್ತಿ ತುಂಬಿದ ಗಾಡಿಯನ್ನು ತೂಗುವ ವೇಬ್ರಿಜ್ ಇರುತ್ತದೆ. ಅಕ್ಕಸಾಲಿಗನ ಹತ್ತಿರ ಬಂಗಾರ ತೂಗುವ ಸಣ್ಣ ತಕ್ಕಡಿ ಇರುತ್ತದೆ. ವೇಬ್ರಿಜ್ಜಿನ ಮೇಲೆ ಮೂಗುತಿ ಇಟ್ಟರೆ ಮುಳ್ಳು ಅಲುಗುವುದಿಲ್ಲ. ಬಂಗಾರದ ತಕ್ಕಡಿಯ ಮೇಲೆ ಹತ್ತಿಯ ಅಂಡಿಗೆ ಇಟ್ಟರೆ ತಕ್ಕಡಿಯೇ ಮುರಿಯುತ್ತದೆ. ಬೆಳಕುಗಣ್ಣಿನ ವಿಷಯವೂ ಹಾಗೆಯೇ. ಸಂಜೆಯ ಮಬ್ಬನ್ನು ಸೂಕ್ಷ್ಮವಾಗಿ ಹಿಡಿಯುವ ಕಣ್ಣು ಮಧ್ಯಾಹ್ನಕ್ಕೆ ಕುರುಡು. ಮಧ್ಯಾಹ್ನವನ್ನು ಅಳೆಯುವ ಕಣ್ಣು ಸಂಜೆಗೆ ಕುರುಡು. ಆದುದರಿಂದ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ನಾನು ತೂಗಬೇಕಾದದ್ದು ಹತ್ತಿಯೋ, ಮೂಗುತಿಯೋ?

ಈಗ ಅತ್ಯಂತ ಅಗ್ಗದ ಕಣ್ಣನ್ನು ನೋಡೋಣ. ಇದಕ್ಕೆ ಎಲ್.ಡಿ.ಆರ್. ಎಂದು ಹೆಸರು. ಶೇಂಗಾ ಬೀಜದಷ್ಟು ಚಿಕ್ಕ ಬಿಲ್ಲೆ. ಮೇಲೆ ಹಾವು ಹರಿದಂಥ ಕೆಂಪು ಗೆರೆ. ಕೆಳಗೆ ಎರಡು ತಂತಿ. ಕತ್ತಲಲ್ಲಿ ಇದು ವಿದ್ಯುತ್ತನ್ನು ತಡೆದು ನಿಲ್ಲಿಸುತ್ತದೆ, ಬೆಳಕು ಬಿದ್ದರೆ ಬಿಡುತ್ತದೆ. ಕಾಲುವೆಯ ತೂಬು ಇದ್ದ ಹಾಗೆ. ಬೆಳಕಿನಿಂದ ವಸ್ತುವಿನ ತಡೆ ಕಡಿಮೆಯಾಗುವ ಈ ಗುಣವನ್ನು 1873ರಲ್ಲಿ ವಿಲ್ಲೋಬಿ ಸ್ಮಿತ್ ಎಂಬ ಇಂಗ್ಲಿಷ್ ಎಂಜಿನಿಯರರು ಸೆಲೆನಿಯಮ್ ಎಂಬ ವಸ್ತುವಿನಲ್ಲಿ ಕಂಡರು. ನಮ್ಮವರೇ ಆದ ಜಗದೀಶಚಂದ್ರ ಬೋಸರು ಸೀಸದ ಅದಿರಿನ ಹರಳಿನಿಂದ ಇಂಥದೇ ಒಂದು ಕಣ್ಣನ್ನು ಮಾಡಿ, 1904ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟು ಪಡೆದರು. ಇಂದು ಅಂಗಡಿಯಲ್ಲಿ ಸಿಗುವ ಎಲ್.ಡಿ.ಆರ್. ಕ್ಯಾಡ್ಮಿಯಮ್ ಸಲ್ಫೈಡಿನಿಂದ ಮಾಡಿದ್ದು.

ಸಾಮಾನ್ಯವಾಗಿ ಸಿಗುವ ಬಿಲ್ಲೆಯ ತಡೆ 10 ಲಕ್ಸಿನ ಮಬ್ಬಿನಲ್ಲಿ ಸುಮಾರು 15,000 ಓಮ್ ಇರುತ್ತದೆ. ಪೂರ್ತಿ ಕತ್ತಲಲ್ಲಿ ಹತ್ತು ಲಕ್ಷ ಓಮ್ ಮುಟ್ಟುತ್ತದೆ. ಬೆಳಕು ಹತ್ತು ಪಟ್ಟು ಹೆಚ್ಚಿದರೆ ತಡೆ ಹತ್ತರಲ್ಲಿ ಒಂದಾಗುವುದಿಲ್ಲ, ಸುಮಾರು ಐದರಲ್ಲಿ ಒಂದಾಗುತ್ತದೆ. ಇದರ ಜೊತೆಗೆ ಇನ್ನೊಂದು ಸಾದಾ ರೆಸಿಸ್ಟರನ್ನು ಸಾಲಾಗಿ ಜೋಡಿಸಿ, ಎರಡರ ನಡುವಿನ ವೋಲ್ಟೇಜನ್ನು ನೋಡಬೇಕು. ಈ ಸಾದಾ ರೆಸಿಸ್ಟರಿನ ಆಯ್ಕೆಯಲ್ಲಿಯೇ ಎಲ್ಲ ಗುಟ್ಟೂ ಇದೆ. ಯಾವ ಬೆಳಕಿನಲ್ಲಿ ತೀರ್ಮಾನ ಆಗಬೇಕೋ, ಆ ಬೆಳಕಿನಲ್ಲಿ ಎಲ್.ಡಿ.ಆರ್.ಗೆ ಎಷ್ಟು ತಡೆ ಇರುತ್ತದೋ, ಅಷ್ಟೇ ತಡೆಯ ರೆಸಿಸ್ಟರನ್ನು ಹಾಕತಕ್ಕದ್ದು. ತಕ್ಕಡಿಯ ಎರಡೂ ತಟ್ಟೆ ಸಮನಾಗಿದ್ದಾಗ ಒಂದು ಕಾಳು ಹಾಕಿದರೂ ಮುಳ್ಳು ಓಲುತ್ತದಲ್ಲವೇ, ಹಾಗೆ. 10 ಲಕ್ಸಿನಲ್ಲಿ ದೀಪ ಹತ್ತಬೇಕಾದರೆ 15,000 ಓಮ್ ಆಸುಪಾಸಿನದು ಸರಿ. ಬಿಲ್ಲೆಯಿಂದ ಬಿಲ್ಲೆಗೆ ವ್ಯತ್ಯಾಸ ಇರುವುದರಿಂದ ತಿರುಗಿಸಿ ಹೊಂದಿಸಬಹುದಾದ 47,000 ಓಮಿನ ಪ್ರಿಸೆಟ್ ಹಾಕಿದರೆ ಇನ್ನೂ ಅನುಕೂಲ.

"ಹತ್ತು ರೂಪಾಯಿ ಮಾಲು ಬರೋಬ್ಬರಿ ತೋರಸ್ತದೇನ್ರಿ?" ಎಂದು ತಾವು ಕೇಳಬಹುದು. ಬರೋಬ್ಬರಿ ತೋರಿಸುವುದಿಲ್ಲ. 10 ಲಕ್ಸ್ ಇದ್ದಾಗ 5 ಎಂದೋ 20 ಎಂದೋ ತಿಳಿಯಬಹುದು. ಆದರೂ ದೀಪದ ಬಲೆಗೆ ಅದು ಸಾಕು. ಕಾರಣ ಹೇಳುತ್ತೇನೆ, ಗಮನವಿಟ್ಟು ಕೇಳಿ. ನಮ್ಮ ಸೀಮೆಯಲ್ಲಿ ಸೂರ್ಯ ಮುಳುಗಿದಾಗ ಇದ್ದ 400 ಲಕ್ಸ್, ಇಪ್ಪತ್ತೆರಡು ನಿಮಿಷದೊಳಗೆ ಮೂರು ನಾಲ್ಕಕ್ಕೆ ಇಳಿಯುತ್ತದೆ. ಅಂದರೆ ಬೆಳಕು ನೂರು ಪಟ್ಟು ಕುಗ್ಗಿತು. ಹನ್ನೊಂದು ನಿಮಿಷಕ್ಕೆ ಹತ್ತು ಪಟ್ಟು; ಮೂರು ನಿಮಿಷ ಚಿಲ್ಲರೆಗೆ ಎರಡು ಪಟ್ಟು. ಹೀಗಾಗಿ ಕಣ್ಣು ಬೆಳಕನ್ನು ಅರ್ಧಕ್ಕರ್ಧ ತಪ್ಪಾಗಿ ಕಂಡರೂ ದೀಪ ಮೂರು ನಿಮಿಷ ಹಿಂದೆ ಮುಂದೆ ಹತ್ತುತ್ತದೆ, ಅಷ್ಟೆ. ಹುಳುವೇನು ಗಡಿಯಾರ ಕಟ್ಟಿಕೊಂಡು ಬರುವುದಿಲ್ಲ. ಈ ಕೆಲಸಕ್ಕೆ ಸಾವಿರಾರು ರೂಪಾಯಿಯ ಕಣ್ಣು ಕೊಳ್ಳುವುದು ಜೋಳದ ಚೀಲವನ್ನು ಬಂಗಾರದ ತಕ್ಕಡಿಯಲ್ಲಿ ತೂಗಿದಂತೆ.

ಆದರೆ ಅಗ್ಗದ ಕಣ್ಣನ್ನು ಬುದ್ಧಿಯಿಂದ ಕಟ್ಟಬೇಕು. ನಾನು ಮೊದಲ ಸಲ ಕಟ್ಟಿದ ಬಲೆಯ ಕತೆ ಹೇಳಿದರೆ ತಮಗೆ ನಗು ಬಂದೀತು. ಕಣ್ಣನ್ನು ದೀಪದ ಕಂಬಕ್ಕೇ, ದೀಪದ ಕೆಳಗೇ ಬಿಗಿದೆ. ಕತ್ತಲಾಯಿತು, ದೀಪ ಹತ್ತಿತು. ದೀಪದ ಬೆಳಕು ಕಣ್ಣಿನ ಮೇಲೆ ಬಿತ್ತು. ಕಣ್ಣು ಬೆಳಗಾಯಿತೆಂದು ತಿಳಿದು ದೀಪ ಆರಿಸಿತು. ಆರಿದ ಕೂಡಲೇ ಮತ್ತೆ ಕತ್ತಲು, ಮತ್ತೆ ದೀಪ. ರಾತ್ರಿಯೆಲ್ಲ ಮಿಣುಕು ಹುಳದಂತೆ ಮಿಣುಕಿತು. ಬೆಳಿಗ್ಗೆ ತಟ್ಟೆಯಲ್ಲಿ ನಾಲ್ಕು ಹುಳುವೂ ಇಲ್ಲ. ಹೊಲದ ಯಜಮಾನರು, "ಸಾಹೇಬ್ರ, ನಿಮ್ಮ ದೀಪ ಹುಳಾ ಹಿಡೀತದೋ, ಹುಳದ ಕೂಡ ಆಟ ಆಡ್ತದೋ?" ಎಂದರು. ಅಂದಿನಿಂದ ನಾನು ಮೂರು ಮಾತನ್ನು ಬಿಡದೆ ಪಾಲಿಸುತ್ತೇನೆ.

ಒಂದನೆಯದು, ಕಣ್ಣಿಗೆ ದೀಪ ಕಾಣಬಾರದು. ಕಣ್ಣನ್ನು ದೀಪಕ್ಕಿಂತ ಮೇಲೆ, ಬಡಗಣ ಆಕಾಶದ ಕಡೆ ಮುಖ ಮಾಡಿ ಇಟ್ಟು, ಸುತ್ತಲೂ ಪ್ಲಾಸ್ಟಿಕ್ ಪೈಪಿನ ತುಂಡನ್ನು ಮರೆಯಾಗಿ ಹಾಕಬೇಕು.

ಎರಡನೆಯದು, ಹತ್ತುವ ಗಡಿಯೂ ಆರುವ ಗಡಿಯೂ ಬೇರೆ ಬೇರೆ ಇರಬೇಕು. 10 ಲಕ್ಸಿಗೆ ಹತ್ತಿದರೆ 40 ಲಕ್ಸ್ ದಾಟುವ ತನಕ ಆರಬಾರದು. ಎರಡು ಹೊಲಗಳ ನಡುವೆ ಬದು ಬಿಡುತ್ತೇವಲ್ಲ, ಅದೇ ರೀತಿ. ಎಲ್.ಎಂ. 393 ಎಂಬ ಹೋಲಿಸುವ ಚಿಪ್ಪನ್ನು ಉಪಯೋಗಿಸುವವರು ಅದರ ಹೊರದಾರಿಯಿಂದ ಕೂಡಿಕೆಯ ಒಳದಾರಿಗೆ ಒಂದು ರೆಸಿಸ್ಟರನ್ನು ಹಿಂದಿರುಗಿಸಿ ಈ ಬದುವನ್ನು ಹಾಕಬಹುದು. ಸಿದ್ಧವಾಗಿ ಸಿಗುವ ಅನೇಕ ಬೋರ್ಡುಗಳಲ್ಲಿ ಇದು ಇರುವುದಿಲ್ಲ, ಕೇಳಿ ಕೊಳ್ಳಿರಿ.

ಮೂರನೆಯದು, ಕಣ್ಣು ಕಂಡದ್ದನ್ನು ಒಂದು ನಿಮಿಷ ಕಾದು ನಂಬಬೇಕು. ಮೋಟಾರ್ ಸೈಕಲ್ಲಿನ ದೀಪವೋ ಮಿಂಚೋ ಒಂದು ಗಳಿಗೆ ಬಿದ್ದರೆ ಬೆಳಗಾಗುವುದಿಲ್ಲ.

ದೀಪ ಆರಿಸುವುದಕ್ಕೆ ಕಣ್ಣು ಬೇಡ, ಟೈಮರ್ ಸಾಕು. ಹತ್ತಿದ ಮೂರೂವರೆ ತಾಸಿಗೆ ಆರಲಿ. ಇನ್ನೊಂದು ವಿಷಯವಿದೆ. ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ ಬಲೆಗೆ ಹುಳು ಕಡಿಮೆ ಬೀಳುತ್ತವೆ. ಹೊಲದಲ್ಲಿ ಹುಳು ಕಡಿಮೆಯಾಯಿತೆಂದು ಆಗ ಮೋಸಹೋಗಬಾರದು. ಬೆಳದಿಂಗಳನ್ನು ಅಳೆಯುವ ಸೂಕ್ಷ್ಮ ಕಣ್ಣು ದುಬಾರಿ. ಆದರೆ ಹುಣ್ಣಿಮೆ ಎಂದೆಂಬುದು ಪಂಚಾಂಗದಲ್ಲಿಯೇ ಬರೆದಿದೆ. ಪಂಚಾಂಗ ಹೇಳುವುದನ್ನು ತಿಳಿಯಲು ಸಲಕರಣೆಗೆ ದುಡ್ಡು ಹಾಕುವುದೇಕೆ? ಬೇಡದ ಹರವನ್ನು ಬಿಟ್ಟುಬಿಡುವುದೂ ಖರ್ಚು ಉಳಿಸುವ ದಾರಿಯೇ.

ಈಗ ಇನ್ನೊಂದು ಕೆಲಸಕ್ಕೆ ಬರೋಣ. ಮೆಣಸಿನಕಾಯಿ ಸಸಿ ಬೆಳೆಸುವವರು ನೆರಳು ಪರದೆ ಹಾಕುತ್ತಾರೆ. ಅಂಗಡಿಯವರು 50 ಪರ್ಸೆಂಟ್ ಪರದೆ ಎಂದು ಕೊಟ್ಟದ್ದು ನಿಜವಾಗಿ ಅರ್ಧ ಬಿಸಿಲನ್ನು ತಡೆಯುತ್ತದೆಯೇ? ಧೂಳು ಕೂತು ಮುಕ್ಕಾಲು ಪಾಲು ತಡೆಯುತ್ತಿದೆಯೇ? ಬೆಳಕು ಕಡಿಮೆಯಾದರೆ ಸಸಿ ಉದ್ದವಾಗಿ, ಬಡಕಲಾಗಿ, ನಾಟಿ ಮಾಡಿದ ಮೇಲೆ ಬಿಸಿಲಿಗೆ ಒರಗುತ್ತದೆ. ಇಲ್ಲಿ ಸಂಜೆಯ ಆ ಹತ್ತು ರೂಪಾಯಿಯ ಕಣ್ಣನ್ನೇ ಇಟ್ಟರೆ ನಡೆಯುವುದಿಲ್ಲ. ದೀಪದ ಬಲೆಯಲ್ಲಿ ಎರಡು ಪಟ್ಟಿನ ತಪ್ಪೆಂದರೆ ಮೂರು ನಿಮಿಷ. ಇಲ್ಲಿ ಪರದೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವೇ ಎರಡು ಪಟ್ಟು! ಮೇಲಾಗಿ ನಡುಹಗಲಿನಲ್ಲಿ ಎಲ್.ಡಿ.ಆರ್.ನ ತಡೆ ಕುಸಿದುಬಿಡುತ್ತದೆ. 15,000 ಓಮಿನ ಜೊತೆ ಅದನ್ನು ಜೋಡಿಸಿ, ವೋಲ್ಟೇಜನ್ನು 1024 ಮೆಟ್ಟಿಲುಗಳಾಗಿ ಎಣಿಸುವ ಸಾಮಾನ್ಯ ಆರ್ಡುಯಿನೋ ಬೋರ್ಡಿಗೆ ಕೊಟ್ಟರೆ, ಪೂರ್ಣ ಬಿಸಿಲಿಗೂ ಅರ್ಧ ಬಿಸಿಲಿಗೂ ಒಂದೆರಡು ಮೆಟ್ಟಿಲಿನ ಫರಕು ಕಾಣುತ್ತದೆ, ಅಷ್ಟೆ. ಅದು ಬೆಳಕಿನ ಫರಕೋ ತಂತಿ ಅಲುಗಿದ ಫರಕೋ ಹೇಳಲಾಗದು.

ನಡುಹಗಲಿಗೆ ಚಿಕ್ಕ ಸೋಲಾರ್ ಪ್ಯಾನೆಲ್ಲೇ ಒಳ್ಳೆಯ ಕಣ್ಣು. 6 ವೋಲ್ಟಿನ, ಒಂದು ವಾಟಿನ ಪ್ಯಾನೆಲ್ಲು, ಅಂಗೈಯಷ್ಟಗಲ ಇರುತ್ತದೆ. ಅದರ ಎರಡು ತಂತಿಗಳ ನಡುವೆ ಒಂದು ಓಮಿನ ರೆಸಿಸ್ಟರನ್ನು ಜೋಡಿಸಿ, ರೆಸಿಸ್ಟರಿನ ಎರಡೂ ತುದಿಗೆ ಮಲ್ಟಿಮೀಟರ್ ಇಡಿರಿ. ಮೀಟರಿನ ಮುಳ್ಳನ್ನು 200 ಮಿಲಿವೋಲ್ಟಿಗೆ ತಿರುಗಿಸಿರಿ. ಪೂರ್ಣ ಬಿಸಿಲಿನಲ್ಲಿ 160, 180 ಹೀಗೆ ಏನೋ ಒಂದು ಅಂಕಿ ಬರುತ್ತದೆ. ಅದೇ ಗಳಿಗೆಯಲ್ಲಿ ಪರದೆಯ ಕೆಳಗೆ, ಪ್ಯಾನೆಲ್ಲನ್ನು ಅದೇ ರೀತಿ ಮಲಗಿಸಿ ನೋಡಿರಿ. ಅರ್ಧ ಬಂದರೆ ಪರದೆ ಅರ್ಧ ತಡೆಯುತ್ತಿದೆ. ಕಾಲು ಬಂದರೆ ಮುಕ್ಕಾಲು ತಡೆಯುತ್ತಿದೆ. ಪ್ಯಾನೆಲ್ಲು ಕೊಡುವ ಕರೆಂಟು ಬೆಳಕಿಗೆ ಸರಿಸಮನಾಗಿ ಏರಿಳಿಯುವುದರಿಂದ ಈ ಲೆಕ್ಕ ನಿಲ್ಲುತ್ತದೆ. ಲಕ್ಸ್ ಎಷ್ಟು ಎಂದು ತಿಳಿಯುವ ಅವಶ್ಯಕತೆಯೇ ಇಲ್ಲ. ಅಳೆಯುವ ಮುನ್ನ ಪ್ಯಾನೆಲ್ಲನ್ನು ಒರೆಸುವುದನ್ನು ಮಾತ್ರ ಮರೆಯಬಾರದು.

ಇಲ್ಲಿ ಒಂದು ಎಚ್ಚರಿಕೆ. ರೆಸಿಸ್ಟರ್ ಇಲ್ಲದೆ ಪ್ಯಾನೆಲ್ಲಿನ ಬರಿಯ ವೋಲ್ಟೇಜನ್ನು ನೋಡಿದರೆ ಬೇರೆ ಲೆಕ್ಕ ಬರುತ್ತದೆ. ಬೆಳಕು ಹತ್ತು ಪಟ್ಟು ಏರಿದರೂ ಪ್ಯಾನೆಲ್ಲಿನೊಳಗಿನ ಒಂದೊಂದು ಬಿಲ್ಲೆಯ ವೋಲ್ಟೇಜು ಸುಮಾರು 60 ಮಿಲಿವೋಲ್ಟ್ ಮಾತ್ರ ಏರುತ್ತದೆ; ಪಟ್ಟುಗಳು ಕೂಡಿಕೆಯಾಗಿ ಮಾರ್ಪಡುತ್ತವೆ. ವಿಶಾಲ ಹರವನ್ನು ಸಣ್ಣ ಅಂಕಿಯೊಳಗೆ ಮಡಿಸಿಡಲು ಇದು ಅನುಕೂಲವೇ. ಆದರೆ ಪ್ಯಾನೆಲ್ಲು ಕಾದರೆ ಅದೇ ವೋಲ್ಟೇಜು ಒಂದೊಂದು ಡಿಗ್ರಿಗೆ ಬಿಲ್ಲೆಗೆ ಎರಡು ಮಿಲಿವೋಲ್ಟಿನಂತೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ ಮುಂಜಾನೆಗಿಂತ ಮಧ್ಯಾಹ್ನ ಇಪ್ಪತ್ತೈದು ಡಿಗ್ರಿ ಹೆಚ್ಚು ಕಾದರೆ ಐವತ್ತು ಮಿಲಿವೋಲ್ಟ್ ಹೋಯಿತು. ಹತ್ತು ಪಟ್ಟಿನ ಏರಿಕೆಯಲ್ಲಿ ಬಹುಪಾಲು ಕಾವೇ ನುಂಗಿದಂತಾಯಿತು. ಆದುದರಿಂದ ನಡುಹಗಲಿನ ಅಳತೆಗೆ ಕರೆಂಟನ್ನು ನಂಬಿರಿ, ವೋಲ್ಟೇಜನ್ನು ನಂಬಬೇಡಿರಿ. ಸಂಜೆಯನ್ನು ಗುರುತಿಸಲು ಮಾತ್ರ ವೋಲ್ಟೇಜು ಸಾಕು. ಸೋಲಾರ್ ದೀಪದ ಬಲೆ ಇಟ್ಟವರಿಗೆ ಬೇರೆ ಕಣ್ಣೇ ಬೇಡ. ಪ್ಯಾನೆಲ್ಲಿನ ವೋಲ್ಟೇಜು ಬ್ಯಾಟರಿಗಿಂತ ಕೆಳಗಿಳಿದು ಬೀಳುವುದನ್ನೇ ಸಂಜೆಯ ಗುರುತಾಗಿ ಹಿಡಿಯಬಹುದು. ಅನೇಕ ಸಣ್ಣ ಸೋಲಾರ್ ದೀಪಗಳು ಹೀಗೆಯೇ ಕೆಲಸ ಮಾಡುತ್ತವೆ.

ಸಂಜೆಯೂ ಮಧ್ಯಾಹ್ನವೂ ಎರಡನ್ನೂ ಒಂದೇ ಕಣ್ಣು ಅಳೆಯಬೇಕೆಂದರೆ ಏನು ಮಾಡಬೇಕು? ಹಗಲೆಲ್ಲ ಬಿದ್ದ ಬೆಳಕನ್ನು ಬರೆದಿಡಬೇಕೆನ್ನುವವರಿಗೆ ಇದು ಬೇಕಾಗುತ್ತದೆ. ಊರಿನಲ್ಲಿ ಐ.ಟಿ.ಐ. ಕಲಿತ ಹುಡುಗರಿದ್ದರೆ ಈ ಭಾಗವನ್ನು ಅವರಿಗೆ ಓದಿ ಹೇಳಿರಿ. ಫೋಟೋಡಯೋಡ್ ಎಂಬ ಬಿಲ್ಲೆ ಸಿಗುತ್ತದೆ, ಬಿ.ಪಿ.ಡಬ್ಲ್ಯು. 34 ಎಂಬುದು ಸಾಮಾನ್ಯವಾದದ್ದು. ಇದು ಸಾವಿರ ಲಕ್ಸಿಗೆ ಸುಮಾರು 70 ಮೈಕ್ರೋಆಂಪಿಯರ್ ಕರೆಂಟನ್ನು ಬಿಡುತ್ತದೆ. ಇದನ್ನು 5 ವೋಲ್ಟಿಗೆ ಹಿಮ್ಮುಖವಾಗಿ ಜೋಡಿಸಿ, ಕೆಳಗಡೆ 330 ಓಮ್, 22,000 ಓಮ್, 10 ಲಕ್ಷ ಓಮ್ ಹೀಗೆ ಮೂರು ರೆಸಿಸ್ಟರುಗಳನ್ನು ಬೋರ್ಡಿನ ಮೂರು ಕಾಲುಗಳಿಗೆ ಕೊಡಬೇಕು. ಒಂದು ಸಲಕ್ಕೆ ಒಂದೇ ರೆಸಿಸ್ಟರನ್ನು ನೆಲಕ್ಕೆ ಸೇರಿಸಿ, ಉಳಿದೆರಡರ ಕಾಲನ್ನು ಒಳದಾರಿಯಾಗಿ ಮಾಡಿ ಬಿಡಬೇಕು. 10 ಲಕ್ಷದ್ದು 1 ಲಕ್ಸಿನಿಂದ 60ರ ತನಕ, 22,000ದ್ದು ಅಲ್ಲಿಂದ ಸುಮಾರು 3,000ದ ತನಕ, 330ರದ್ದು ಅಲ್ಲಿಂದ ನಡುಹಗಲಿನ ತನಕ ನೋಡಿಕೊಳ್ಳುತ್ತದೆ. ಮೂರು ತಕ್ಕಡಿ ಒಂದೇ ಗೂಟಕ್ಕೆ ತೂಗುಹಾಕಿದಂತಾಯಿತು. ಮೂರೂ ರೆಸಿಸ್ಟರುಗಳ ಬೆಲೆ ಒಂದು ಕಪ್ಪು ಚಹಾದ ಬೆಲೆಗಿಂತ ಕಡಿಮೆ.

ಯಾವಾಗ ಯಾವ ತಕ್ಕಡಿ? ಎಣಿಕೆ 1024ರಲ್ಲಿ 920 ದಾಟಿದರೆ ಕಡಿಮೆ ಓಮಿನದಕ್ಕೆ ಹೋಗಬೇಕು. 10ಕ್ಕಿಂತ ಇಳಿದರೆ ಹೆಚ್ಚು ಓಮಿನದಕ್ಕೆ ಬರಬೇಕು. ಎರಡು ಗಡಿಗಳ ನಡುವೆ ಇಲ್ಲಿಯೂ ಬದು ಇರುವುದನ್ನು ಗಮನಿಸಿರಿ. ಇಲ್ಲದಿದ್ದರೆ ತಕ್ಕಡಿಯಿಂದ ತಕ್ಕಡಿಗೆ ಜಿಗಿಯುತ್ತಲೇ ಇರುತ್ತದೆ. ಅಳೆಯುವ ಕಾಲಿಗೂ ನೆಲಕ್ಕೂ ನಡುವೆ 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಹಾಕಿ, ತಕ್ಕಡಿ ಬದಲಿಸಿದ ಮೇಲೆ ಒಂದು ಸೆಕೆಂಡು ಬಿಟ್ಟು ಎಣಿಸತಕ್ಕದ್ದು. ಮನೆಯೊಳಗೆ ಬಂದ ಕಣ್ಣು ಸ್ವಲ್ಪ ಹೊತ್ತು ಕಾದ ಹಾಗೆಯೇ ಇದು. ಇಷ್ಟು ರಗಳೆ ಬೇಡವೆನ್ನುವವರಿಗೆ ಬಿ.ಎಚ್. 1750 ಎಂಬ ಸಿದ್ಧ ಚಿಪ್ಪು ನೇರವಾಗಿ ಲಕ್ಸನ್ನೇ ಅಂಕಿಯಲ್ಲಿ ಹೇಳುತ್ತದೆ. ಮಬ್ಬಿನಲ್ಲಿ ಹೆಚ್ಚು ಹೊತ್ತು, ಬಿಸಿಲಿನಲ್ಲಿ ಕಡಿಮೆ ಹೊತ್ತು ಬೆಳಕನ್ನು ಕೂಡಿಹಾಕುವಂತೆ ಅದಕ್ಕೆ ಹೇಳಿದರೆ 0.11 ಲಕ್ಸಿನಿಂದ 1,00,000 ಲಕ್ಸಿನ ತನಕ ಅಳೆಯಬಲ್ಲದು. ಹನಿ ಮಳೆಗೆ ಪಾತ್ರೆಯನ್ನು ರಾತ್ರಿಯೆಲ್ಲ ಇಟ್ಟು, ಜಡಿಮಳೆಗೆ ಗಳಿಗೆಯಲ್ಲಿ ಎತ್ತಿಕೊಂಡಂತೆ.

ಕೊನೆಗೆ ಜೋಪಾನದ ಮಾತು. ಕಪ್ಪು ಮಣ್ಣಿನ ಧೂಳು ಕಣ್ಣಿನ ಮೇಲೆ ಕೂರುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿರಿ. ತಂತಿಯ ಸಂದುಗಳಿಗೆ ಸಿಲಿಕೋನ್ ಅಂಟು ಹಚ್ಚಿ ಮಳೆನೀರು ಇಳಿಯದಂತೆ ಮಾಡಿರಿ. ಎಲ್.ಡಿ.ಆರ್.ನಲ್ಲಿ ಇರುವ ಕ್ಯಾಡ್ಮಿಯಮ್ ವಿಷ. ಕೆಟ್ಟುಹೋದದ್ದನ್ನು ಹೊಲದಲ್ಲಿ, ಬಾವಿಯಲ್ಲಿ ಎಸೆಯಬೇಡಿರಿ, ಸುಡಲೂಬೇಡಿರಿ, ಮಕ್ಕಳ ಕೈಗೆ ಕೊಡಬೇಡಿರಿ. ಹಳೆಯ ಬ್ಯಾಟರಿಗಳ ಜೊತೆ ಎತ್ತಿಟ್ಟು ಎಲೆಕ್ಟ್ರಾನಿಕ್ ಕಸ ಕೊಳ್ಳುವವರಿಗೆ ಕೊಡಿರಿ. ಬಲೆಯಲ್ಲಿ ಬಿದ್ದ ಹುಳುವಿನ ಗುರುತು ಹತ್ತದಿದ್ದರೆ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯಕ್ಕೋ ತೆಗೆದುಕೊಂಡು ಹೋಗಿ ತೋರಿಸಿರಿ.

ಇಷ್ಟನ್ನು ನೆನಪಿಡಿರಿ. ಬೆಳಕನ್ನು ಕೂಡಿ ಕಳೆಯುವ ಲೆಕ್ಕದಲ್ಲಿ ನೋಡಬಾರದು, ಪಟ್ಟಿನ ಲೆಕ್ಕದಲ್ಲಿ ನೋಡಬೇಕು. ಎರಡು ಪಟ್ಟಿನ ತಪ್ಪು ತಮ್ಮ ಕೆಲಸದಲ್ಲಿ ಎಷ್ಟು ನಷ್ಟ ತರುತ್ತದೆಂದು ಮೊದಲು ಕೇಳಿಕೊಳ್ಳಿರಿ. ದೀಪದ ಬಲೆಗೆ ಮೂರು ನಿಮಿಷ. ಅದಕ್ಕೆ ಹತ್ತು ರೂಪಾಯಿಯ ಕಣ್ಣು ಸಾಕು. ಸಸಿಮಡಿಗೆ ಒಂದು ಪರದೆಯಷ್ಟು; ಅದಕ್ಕೆ ಚಿಕ್ಕ ಪ್ಯಾನೆಲ್ಲು ಬೇಕು. ಎರಡನ್ನೂ ಒಂದರಲ್ಲಿಯೇ ಬೇಕೆಂದವರಿಗೆ ಮಾತ್ರ ಮೂರು ತಕ್ಕಡಿ. ತೂಗುವ ಮಾಲನ್ನು ತಿಳಿದು ತಕ್ಕಡಿ ಕೊಂಡವನಿಗೆ ಅಗ್ಗದ ತಕ್ಕಡಿಯೂ ಮೋಸ ಮಾಡುವುದಿಲ್ಲ.

ಈ ಸಂಜೆ ಹೊತ್ತು ಮುಳುಗುವಾಗ ಹೊಲದ ಬದುವಿನ ಮೇಲೆ ಗಡಿಯಾರ ಹಿಡಿದು ನಿಂತು ನೋಡಿರಿ. ಬೆಳಕು ಎಷ್ಟು ಬೇಗ ಇಳಿಯುತ್ತದೆಂಬುದು ತಮ್ಮ ಕಣ್ಣಿಗೇ ತಿಳಿದೀತು.